ಚೀಟಿ ಹಿಡಿದು ದ್ವೀಪ ಸುತ್ತಿದ್ದು

ಹಾಯಿದೋಣಿಯಲ್ಲಿ ಎರಡು ತಿಂಗಳು ಕೆರಿಬಿಯನ್ ಸಮುದ್ರದಲ್ಲಿದ್ದು ಬಂದೆವು ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಇಡೀ ದಿನ ಎಂತ ಮಾಡ್ತಿದ್ರಿ ಮಾರ್ರೆ, ಬೋರ್ ಆಗಲಿಲ್ವಾ?" ನಿಜ ಹೇಳಬೇಕೆಂದರೆ ನಾವು ಅಂಗಡಿಗೆ ಹೋಗುತ್ತಿದ್ದೆವು. ನೀರು ತರುತ್ತಿದ್ದೆವು. ಗ್ಯಾಸ್ ತುಂಬಿಸುತ್ತಿದ್ದೆವು. ಬಟ್ಟೆ ಒಗೆಯಲು ಕೊಟ್ಟು ಬರುತ್ತಿದ್ದೆವು. ಉಳಿದ ಹೊತ್ತಿನಲ್ಲಿ, ನಾಳೆ ಯಾವುದಕ್ಕೆ ಹೋಗಬೇಕು ಅಂತ ಚೀಟಿ ಬರೆಯುತ್ತಿದ್ದೆವು. ಊರಿನಲ್ಲಿ ಮಾಡುವ ಕೆಲಸಗಳೇ, ಆದರೆ ಒಂದೊಂದಕ್ಕೂ ಅರ್ಧ ದಿನ ಬೇಕು. ಆ ಅರ್ಧ ದಿನಗಳಲ್ಲೇ ಗ್ರೆನೇಡಾ ದೇಶ ನನಗೆ ಸಿಕ್ಕಿದ್ದು.

ಮೊದಲು ನಮ್ಮ ಪರಿಚಯ. ನಾನು ಕುಂದಾಪುರದ ಕಡೆಯವಳು, ಬ್ಯಾಂಕಿನಲ್ಲಿ 31 ವರ್ಷ ಕೆಲಸ ಮಾಡಿ ನಿವೃತ್ತಳಾದವಳು. ನಮ್ಮವರು ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. ಮಗ, ಸೊಸೆ ಟೊರಾಂಟೊದಲ್ಲಿದ್ದಾರೆ, ಇಬ್ಬರದ್ದೂ ಕಂಪ್ಯೂಟರ್ ಕೆಲಸ. ಮೂರು ವರ್ಷದ ಹಿಂದೆ ಇದ್ದ ಉಳಿತಾಯವನ್ನೆಲ್ಲ ಹಾಕಿ 38 ಅಡಿಯ ಒಂದು ಹಳೇ ಹಾಯಿದೋಣಿ ಕೊಂಡರು. ಚಳಿಗಾಲ ಬಂತೆಂದರೆ ಅದರಲ್ಲೇ ವಾಸ, ಅಲ್ಲಿಂದಲೇ ಆಫೀಸು. 2025ರ ಫೆಬ್ರವರಿಯಲ್ಲಿ "ಒಮ್ಮೆ ಬಂದು ನೋಡಿ ಅಮ್ಮ" ಅಂತ ಕರೆಸಿಕೊಂಡರು. ನೋಡುವುದಕ್ಕೆ ಮಾತ್ರ ನಾನು ಹೊರಟದ್ದಲ್ಲ. ಹಿಂದಿನ ವರ್ಷ ಜುಲೈ 1ರಂದು ಬೆರಿಲ್ ಚಂಡಮಾರುತ ಅದೇ ದೇಶದ ಮೇಲೆ ಬಂದು ಬಿದ್ದಿತ್ತು. ಇವರ ದೋಣಿ ಆಗ ಗ್ರೆನೇಡಾದ ದಕ್ಷಿಣ ತುದಿಯಲ್ಲಿ ದಡಕ್ಕೆತ್ತಿ ಇಟ್ಟಿದ್ದರಿಂದ ಉಳಿಯಿತು. ಅದಕ್ಕೂ ಮೊದಲು ಅದನ್ನು ಉತ್ತರದ ಕ್ಯಾರಿಯಾಕು ದ್ವೀಪದಲ್ಲಿ ಇಡುವ ಯೋಚನೆ ಇತ್ತಂತೆ. ಬಿರುಗಾಳಿಯ ಕಣ್ಣು ಹಾದುಹೋದದ್ದು ಆ ದ್ವೀಪದ ಮೇಲೇ. ಇದನ್ನು ಕೇಳಿದ ಮೇಲೆ ನನಗೆ ನಿದ್ದೆ ಹೇಗೆ ಬಂದೀತು? ದೋಣಿ ಮಾರಿ ಒಂದು ಮನೆ ಮಾಡಿಕೊಳ್ಳಿ ಅಂತ ಎದುರಿಗೇ ಕೂರಿಸಿ ಹೇಳಬೇಕು ಅಂತಲೇ ವಿಮಾನ ಹತ್ತಿದ್ದೆ.

ಟೊರಾಂಟೊದಿಂದ ಐದೂವರೆ ಗಂಟೆ. ಭಾರತದ ಪಾಸ್‌ಪೋರ್ಟಿಗೆ ಗ್ರೆನೇಡಾ ಮುಂಚಿತವಾಗಿ ವೀಸಾ ಕೇಳುವುದಿಲ್ಲ, ಅದೊಂದು ಪುಣ್ಯ. ಆದರೆ ಎಲ್ಲ ದ್ವೀಪವೂ ಹಾಗಲ್ಲ. ಸ್ವಲ್ಪ ಮೇಲೆ ಹೋದರೆ ಸಿಗುವ ಮಾರ್ಟಿನೀಕ್ ಫ್ರಾನ್ಸಿಗೆ ಸೇರಿದ್ದು, ಅಲ್ಲಿಗೆ ನಮಗೆ ವೀಸಾ ಬೇಕೇ ಬೇಕು. ಮಗ-ಸೊಸೆಗೆ ಕೆನಡಾ ಪಾಸ್‌ಪೋರ್ಟ್ ಇರುವುದರಿಂದ ಅವರಿಗೆ ಎಲ್ಲವೂ ಒಂದೇ ಸಮುದ್ರ. ನಮಗೆ ಸಮುದ್ರದಲ್ಲೂ ಬೇಲಿ ಕಾಣುತ್ತದೆ.

ದೋಣಿ ದಡಕ್ಕೆ ತಾಗುವುದಿಲ್ಲ, ಇದು ನನಗೆ ಹೊಸ ವಿಷಯ. ಮರೀನಾದಲ್ಲಿ ಕಟ್ಟಿದರೆ ದಿನಕ್ಕೆ ಇಷ್ಟು ಅಂತ ಬಾಡಿಗೆ. ಆದ್ದರಿಂದ ಕೊಲ್ಲಿಯ ಮಧ್ಯೆ ಲಂಗರು ಹಾಕಿ ನಿಲ್ಲುವುದು, ದಡಕ್ಕೆ ಹೋಗಲು ಡಿಂಗಿ ಅಂತ ಒಂದು ಗಾಳಿ ತುಂಬಿದ ರಬ್ಬರ್ ದೋಣಿ. ಅದೇ ನಮ್ಮ ಸ್ಕೂಟರ್. ಹಿಂದೆ ಒಂದು ಪುಟ್ಟ ಎಂಜಿನ್. ಅಲೆ ಇದ್ದ ದಿನ ಅದರಲ್ಲಿ ಕೂತು ದಡ ಮುಟ್ಟುವಷ್ಟರಲ್ಲಿ ಚೂಡಿದಾರದ ಹಿಂಭಾಗ ಪೂರ್ತಿ ಒದ್ದೆ. ಮೊದಲ ವಾರ ನಾಚಿಕೆಯಾಯಿತು. ಆಮೇಲೆ ನೋಡಿದರೆ ದೋಣಿಯಿಂದ ಇಳಿದವರೆಲ್ಲ ಹಾಗೇ. ಒದ್ದೆ ಹಿಂಭಾಗ, ಹೆಗಲಿಗೆ ಚೀಲ, ಕೈಯಲ್ಲಿ ಖಾಲಿ ಕ್ಯಾನು ಕಂಡರೆ ಅಂಗಡಿಯವರಿಗೂ ಗೊತ್ತಾಗುತ್ತದೆ, ಇವರು ಹಡಗಿನಿಂದ ಇಳಿದ ಪ್ರವಾಸಿಗಳಲ್ಲ, ಸಾಮಾನಿಗೆ ಬಂದವರು ಅಂತ.

ನೀರಿನ ಲೆಕ್ಕ ಹೇಳುತ್ತೇನೆ. ಟ್ಯಾಂಕಿನಲ್ಲಿ 300 ಲೀಟರ್. ನಾಲ್ಕು ಜನ. ಪಾತ್ರೆಯನ್ನು ಮೊದಲು ಸಮುದ್ರದ ನೀರಿನಲ್ಲಿ ಉಜ್ಜಿ, ಆಮೇಲೆ ಒಂದು ಲೋಟ ಸಿಹಿನೀರಿನಲ್ಲಿ ಅಲಸಬೇಕು. ಸ್ನಾನವೂ ಹಾಗೇ, ಸಮುದ್ರದಲ್ಲಿ ಮುಳುಗಿ ಎದ್ದು ಮೇಲೆ ಎರಡು ಚೊಂಬು. ಹೀಗೆ ಬಿಗಿಹಿಡಿದರೂ ವಾರಕ್ಕೊಮ್ಮೆ ಟ್ಯಾಂಕ್ ತಳ ಕಾಣುತ್ತಿತ್ತು. 20 ಲೀಟರಿನ ಕ್ಯಾನು ಹಿಡಿದು ಡಿಂಗಿಯಲ್ಲಿ ಐದಾರು ಸುತ್ತು. ಚಿಕ್ಕಂದಿನಲ್ಲಿ ಬಾವಿಯಿಂದ ಕೊಡಪಾನ ಹೊತ್ತವಳು ನಾನು, ಆ ಸೊಂಟ ಇನ್ನೂ ಮರೆತಿಲ್ಲ ಅಂತ ಗೊತ್ತಾಯಿತು. ಸೊಸೆ ಎರಡು ಕ್ಯಾನು ಒಟ್ಟಿಗೆ ಎತ್ತುತ್ತಾಳೆ. ಟೊರಾಂಟೊದಲ್ಲಿ ಇವಳು ಒಂದು ಲೋಟ ನೀರು ಸುರಿದುಕೊಳ್ಳಲೂ ಫ್ರಿಜ್ಜಿನ ಗುಂಡಿ ಒತ್ತುವವಳು!

ಗ್ಯಾಸಿನದ್ದು ಇನ್ನೊಂದು ಕಥೆ. ದೋಣಿಯ ಸಿಲಿಂಡರ್ ಅಮೆರಿಕದ ಮಾದರಿಯದ್ದು, ನಮ್ಮ ಹಾಗೆ ಖಾಲಿ ಕೊಟ್ಟು ತುಂಬಿದ್ದು ತರುವ ಪದ್ಧತಿ ಅದಕ್ಕಿಲ್ಲ. ಅದನ್ನೇ ತುಂಬಿಸಿ ಕೊಡಬೇಕು. ಬೆಳಿಗ್ಗೆ ದಡದಲ್ಲಿ ಹೆಸರು ಬರೆದ ಚೀಟಿ ಕಟ್ಟಿ ಇಟ್ಟುಬಂದರೆ ಒಬ್ಬರು ವ್ಯಾನಿನಲ್ಲಿ ಒಯ್ದು ತುಂಬಿಸಿ ಸಂಜೆಗೋ ಮಾರನೇ ದಿನಕ್ಕೋ ತಂದಿಡುತ್ತಾರೆ. ರಸೀದಿ ಇಲ್ಲ, ಸಹಿ ಇಲ್ಲ. ಬ್ಯಾಂಕಿನವಳಾದ ನನಗೆ ಇದು ಒಳಗೊಳಗೇ ಕಸಿವಿಸಿ. ಆದರೆ ಒಂದು ಸಲವೂ ಸಿಲಿಂಡರ್ ತಪ್ಪಲಿಲ್ಲ.

ಹಣದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಲ್ಲಿ ನಡೆಯುವುದು ಪೂರ್ವ ಕೆರಿಬಿಯನ್ ಡಾಲರ್, ಜನ ಇಸಿ ಅನ್ನುತ್ತಾರೆ. ಎಂಟು ನಾಡುಗಳಿಗೆ ಸೇರಿ ಒಂದೇ ನಾಣ್ಯ, ಒಂದೇ ಕೇಂದ್ರ ಬ್ಯಾಂಕು. ಅಮೆರಿಕದ ಒಂದು ಡಾಲರಿಗೆ 2.70 ಇಸಿ. ಈ ದರ 1976ರಿಂದ ಕದಲಿಲ್ಲ. ಕದಲದ ವಿನಿಮಯ ದರ ನೋಡಿದರೆ ನನ್ನಂಥವಳಿಗೆ ಸಮಾಧಾನ. ಅಮೆರಿಕದ ನೋಟು ಕೊಟ್ಟರೂ ಅಂಗಡಿಯಲ್ಲಿ ತೆಗೆದುಕೊಳ್ಳುತ್ತಾರೆ, ಆದರೆ 2.60ರ ಲೆಕ್ಕ ಹಾಕುತ್ತಾರೆ. ಹಾಗಾಗಿ ಎಟಿಎಮ್ಮಿನಿಂದ ಇಸಿ ತೆಗೆದುಕೊಂಡೇ ಸಂತೆಗೆ ಹೋಗಬೇಕು.

ಸಂತೆ ಇರುವುದು ರಾಜಧಾನಿ ಸೇಂಟ್ ಜಾರ್ಜಸ್‌ನಲ್ಲಿ. ದಕ್ಷಿಣದ ಕೊಲ್ಲಿಯಿಂದ ನಾವು ಬಸ್ಸಿನಲ್ಲಿ ಹೋಗುತ್ತಿದ್ದೆವು. ಬಸ್ಸೆಂದರೆ ನಮ್ಮ ಟೆಂಪೊ ಟ್ರಾವೆಲರಿಗಿಂತ ಚಿಕ್ಕದು, ಅದರಲ್ಲಿ ಹದಿನೆಂಟು ಜನ, ಎದೆ ನಡುಗುವಷ್ಟು ಜೋರಾಗಿ ಹಾಡು. ಇಳಿಯುವ ಜಾಗ ಬಂದಾಗ ಬಸ್ಸಿನ ಮೈಗೆ ಬೆರಳಿನಿಂದ ಟಕಟಕ ಬಡಿಯಬೇಕು, ಡ್ರೈವರ್ ನಿಲ್ಲಿಸುತ್ತಾನೆ. ಅಷ್ಟು ಗದ್ದಲದಲ್ಲಿ ಅವನಿಗೆ ಹೇಗೆ ಕೇಳಿಸುತ್ತದೋ ದೇವರಿಗೇ ಗೊತ್ತು. ಒಂದು ಶಿಸ್ತು ಮಾತ್ರ ಕಡ್ಡಾಯ. ಬಸ್ ಹತ್ತಿದರೆ, ಅಂಗಡಿ ಹೊಕ್ಕರೆ, ಕಚೇರಿಗೆ ಹೋದರೆ ಮೊದಲು "ಗುಡ್ ಮಾರ್ನಿಂಗ್" ಅನ್ನಬೇಕು. ಎಲ್ಲರಿಗೂ ಸೇರಿಸಿ, ಜೋರಾಗಿ. ಅದನ್ನು ಹೇಳದೆ ನೇರ "ಟೊಮೆಟೊ ಎಷ್ಟು?" ಅಂದವರಿಗೆ ಅಲ್ಲಿ ಉತ್ತರ ನಿಧಾನಕ್ಕೆ ಬರುತ್ತದೆ. ಬಿಳಿಯ ಪ್ರವಾಸಿಯೊಬ್ಬರು ಹಾಗೆ ಕೇಳಿ, ಮಾರುವ ಹೆಂಗಸು ಅವರ ಮುಖ ನೋಡುತ್ತಲೇ "ಗುಡ್ ಮಾರ್ನಿಂಗ್" ಅಂತ ಮೂರು ಸಲ ಅಂದದ್ದನ್ನು ನಾನೇ ನೋಡಿದೆ.

ಸೇಂಟ್ ಜಾರ್ಜಸ್ ಚಂದದ ಊರು. ಕುದುರೆ ಲಾಳದ ಹಾಗೆ ಬಾಗಿದ ಬಂದರು, ಸುತ್ತ ಗುಡ್ಡಕ್ಕೆ ಅಂಟಿದ ಕೆಂಪು ಹೆಂಚಿನ ಮನೆಗಳು. ಬಂದರಿನ ದಡಕ್ಕೆ ಕ್ಯಾರನಾಜ್ ಅಂತ ಹೆಸರು. ಹಿಂದೆ ಹಡಗುಗಳನ್ನು ಮಗ್ಗುಲಿಗೆ ವಾಲಿಸಿ ತಳ ಕೆರೆದು ಶುಚಿಮಾಡುತ್ತಿದ್ದ ಜಾಗವಂತೆ. ಅಲ್ಲಿಂದ ಸಂತೆಯ ಕಡೆಗೆ ಹೋಗಲು ಗುಡ್ಡ ಕೊರೆದು 1890ರ ದಶಕದಲ್ಲಿ ಮಾಡಿದ ಸೆಂಡಾಲ್ ಸುರಂಗವಿದೆ. ಇಕ್ಕಟ್ಟು. ಕಾರು ಹೋಗುವಾಗ ನಡೆಯುವವರು ಗೋಡೆಗೆ ಅಂಟಿಕೊಂಡು, ಕೈಚೀಲ ಎದೆಗೆ ಅಪ್ಪಿಕೊಂಡು ನಿಲ್ಲಬೇಕು. ಮೇಲಿನ ಕೋಟೆಯಲ್ಲಿ 1983ರ ಅಕ್ಟೋಬರ್ 19ರಂದು ದೇಶದ ಪ್ರಧಾನಿ ಮಾರಿಸ್ ಬಿಷಪ್ ಅವರನ್ನು ಸಾಲಾಗಿ ನಿಲ್ಲಿಸಿ ಕೊಂದರು. ಆರು ದಿನದಲ್ಲಿ ಅಮೆರಿಕದ ಸೈನ್ಯ ಬಂದಿಳಿಯಿತು. ಈಗ ವಿಮಾನ ನಿಲ್ದಾಣಕ್ಕೆ ಅವರದ್ದೇ ಹೆಸರು. ಕೆಳಗೆ ಬಾಳೆಕಾಯಿಗೆ ಚೌಕಾಸಿ ನಡೆಯುವಾಗ ಇದೆಲ್ಲ ತಲೆಯಲ್ಲಿ ಹಾದುಹೋಗುತ್ತದೆ, ಅಷ್ಟೇ.

ಶನಿವಾರ ಬೆಳಿಗ್ಗೆ ಸಂತೆ ಜೋರು. ಹೊಕ್ಕ ಕೂಡಲೇ ನಾನು ನಿಂತುಬಿಟ್ಟೆ. ಕೆಸುವಿನ ಎಲೆ! ನಮ್ಮ ಹಿತ್ತಲಿನ ಕೆಸುವೇ, ಕಟ್ಟು ಕಟ್ಟಿ ಇಟ್ಟಿದ್ದಾರೆ. ಅವರು ಕ್ಯಾಲಲೂ ಅನ್ನುತ್ತಾರೆ, ತೆಂಗಿನ ಹಾಲು ಹಾಕಿ ಬೇಯಿಸಿ ಸಾರಿನ ಹಾಗೆ ಮಾಡುತ್ತಾರೆ. ಪಕ್ಕದಲ್ಲಿ ಜೀಗುಜ್ಜೆ, ಸೀಮೆಬದನೆ, ಅಲಸಂದೆ ಕೋಡು, ಮಾವು, ಹುಣಸೆ, ಅಮಟೆಕಾಯಿಯ ದೊಡ್ಡಣ್ಣನಂಥ ಒಂದು ಕಾಯಿ. ಹನ್ನೆರಡು ಸಾವಿರ ಕಿಲೋಮೀಟರಿಗೂ ಮಿಕ್ಕಿ ದೂರ ಬಂದು ಉಡುಪಿ ತರಕಾರಿ ಅಂಗಡಿಯಲ್ಲಿ ನಿಂತ ಹಾಗಾಯಿತು.

ಜೀಗುಜ್ಜೆಗೆ ಅಲ್ಲಿ ಒಂದು ಚರಿತ್ರೆಯಿದೆ. ಅದು ಪೆಸಿಫಿಕ್ ದ್ವೀಪಗಳ ಮರ. ಕಬ್ಬಿನ ತೋಟದ ಗುಲಾಮರಿಗೆ ಕಡಿಮೆ ಖರ್ಚಿನಲ್ಲಿ ಹೊಟ್ಟೆ ತುಂಬಿಸಬೇಕು ಅಂತ ಬ್ರಿಟಿಷರು ಕ್ಯಾಪ್ಟನ್ ಬ್ಲೈ ಎಂಬವನ ಕೈಯಲ್ಲಿ ಸಸಿ ತರಿಸಿದರು. 1789ರ ಮೊದಲ ಪ್ರಯತ್ನದಲ್ಲಿ ಅವನ ಬೌಂಟಿ ಹಡಗಿನ ಜನ ದಂಗೆಯೆದ್ದು ಅವನನ್ನೇ ದೋಣಿಗೆ ಇಳಿಸಿ ಬಿಟ್ಟರು. ಎರಡನೇ ಸಲ, 1793ರಲ್ಲಿ ಸಸಿಗಳು ಪಕ್ಕದ ಸೇಂಟ್ ವಿನ್ಸೆಂಟಿಗೆ ಬಂದು ಮುಟ್ಟಿದವು. ಈಗ ಅದೇ ಗ್ರೆನೇಡಾದ ರಾಷ್ಟ್ರೀಯ ಅಡುಗೆಯ ಜೀವಾಳ. ಜೀಗುಜ್ಜೆ, ಕೆಸುವಿನೆಲೆ, ಅರಸಿನ, ಉಪ್ಪಿನಲ್ಲಿಟ್ಟ ಮಾಂಸ ಎಲ್ಲ ಒಂದೇ ಪಾತ್ರೆಯಲ್ಲಿ ಜೋಡಿಸಿ ತೆಂಗಿನ ಹಾಲಿನಲ್ಲಿ ಬೇಯಿಸುತ್ತಾರೆ. ಹಾಲು ಬತ್ತಿ ಎಣ್ಣೆ ತಳಕ್ಕೆ ಇಳಿಯಬೇಕು, ಅದಕ್ಕೇ ಆಯಿಲ್ ಡೌನ್ ಅಂತ ಹೆಸರು. ಮಾಂಸ ಬಿಟ್ಟು ನಾನೂ ಮಾಡಿದೆ. ನಮ್ಮವರು ಎರಡನೇ ಸಲ ಹಾಕಿಸಿಕೊಂಡರು, ಸರ್ಟಿಫಿಕೇಟ್ ಅಷ್ಟೇ ಸಾಕು.

1857ರಲ್ಲಿ ಮೇಡ್‌ಸ್ಟೋನ್ ಅನ್ನುವ ಹಡಗಿನಲ್ಲಿ ಭಾರತದ ಕೂಲಿಗಳನ್ನೂ ಇಲ್ಲಿಗೆ ತಂದು ಇಳಿಸಿದರು. ಅವರ ಭಾಷೆ ಉಳಿಯಲಿಲ್ಲ, ರೊಟ್ಟಿ ಉಳಿಯಿತು. ಪೇಟೆಯಲ್ಲಿ ಎಲ್ಲಿ ನೋಡಿದರೂ "ರೋಟಿ" ಅಂತ ಬೋರ್ಡು. ಬೇಳೆಪುಡಿ ತುಂಬಿ ಲಟ್ಟಿಸಿದ ತೆಳ್ಳನೆಯ ರೊಟ್ಟಿಯೊಳಗೆ ಕಡಲೆಯ ಪಲ್ಯ ಮಡಚಿ ಕೊಡುತ್ತಾರೆ. ಹೋಳಿಗೆಯನ್ನು ಖಾರ ಮಾಡಿದರೆ ಹೇಗೋ ಹಾಗೆ. ರೋಟಿ ಅಂಗಡಿಯ ಹುಡುಗಿ ನನ್ನ ಕುಂಕುಮ ನೋಡಿ, ತನ್ನ ಅಜ್ಜಿಯ ಅಜ್ಜಿ ಕೂಡ "ಅಲ್ಲಿಂದ" ಬಂದವಳು ಅಂದಳು. ಎಲ್ಲಿಂದ ಅಂತ ಅವಳಿಗೆ ಗೊತ್ತಿಲ್ಲ. ನಾನು ಇನ್ನೇನೂ ಕೇಳಲಿಲ್ಲ.

ಕೆಸುವಿನ ಎಲೆ ಸಿಕ್ಕಿದ ಮೇಲೆ ಪತ್ರೊಡೆ ಮಾಡದೆ ಬಿಡುವುದುಂಟೇ? ದೋಣಿಯ ಒಲೆ ತೊಟ್ಟಿಲಿನ ಹಾಗೆ ತೂಗಾಡುವಂಥದ್ದು, ದೋಣಿ ಎತ್ತ ವಾಲಿದರೂ ಒಲೆ ಮಟ್ಟಸವಾಗಿ ನಿಲ್ಲುತ್ತದೆ. ಅಡುಗೆ ಮಾಡುವವಳು ಮಾತ್ರ ವಾಲುತ್ತಾಳೆ. ಬೆನ್ನಿಗೊಂದು ಪಟ್ಟಿ ಕಟ್ಟಿಕೊಂಡು ಹಿಟ್ಟು ಸವರಿದೆ. ಬೆಲ್ಲದ ಬದಲು ಕಂದು ಸಕ್ಕರೆ. ಪಕ್ಕದಲ್ಲಿ ಲಂಗರು ಹಾಕಿದ್ದ ಜರ್ಮನ್ ದಂಪತಿಗೂ ಕೊಟ್ಟೆ. ಅವರು ಅದನ್ನು ಕೇಕ್ ಅಂದುಕೊಂಡು ಕಾಫಿ ಜೊತೆ ತಿಂದರಂತೆ.

ನೋಡುವ ಜಾಗಗಳಿಗೂ ಹೋಗಿದ್ದೆವು. ಜಲಪಾತ ನೋಡಿದೆವು. ಸಮುದ್ರದ ತಳದಲ್ಲಿ ನಿಲ್ಲಿಸಿದ ಶಿಲ್ಪಗಳನ್ನು ಮಗ-ಸೊಸೆ ಮುಳುಗಿ ನೋಡಿ ಬಂದರು. ಇವುಗಳ ಚಿತ್ರ ಎಲ್ಲ ಕಡೆ ಸಿಗುತ್ತದೆ, ನಾನು ಬರೆಯುವುದು ಬೇಡ. ಪಶ್ಚಿಮ ದಡದ ಗುಯಾವ್ ಎಂಬ ಮೀನುಗಾರರ ಊರಿನಲ್ಲಿರುವ ಜಾಯಿಕಾಯಿ ಮಂಡಿ ಮಾತ್ರ ನನಗೆ ಮರೆಯದು. ಗ್ರೆನೇಡಾದ ಬಾವುಟದಲ್ಲೇ ಜಾಯಿಕಾಯಿ ಇದೆ. ನಮ್ಮ ಅಡಿಕೆ ತೋಟದ ಮಧ್ಯೆಯೂ ಎರಡು ಜಾಯಿಕಾಯಿ ಮರ ಇದ್ದವು, ಜಾಪತ್ರೆ ಒಣಗಿಸಿ ಡಬ್ಬದಲ್ಲಿ ಇಡುತ್ತಿದ್ದರು ಅತ್ತೆ. ಆದರೆ ಒಂದು ದೇಶವೇ ಅದರ ಮೇಲೆ ನಿಂತದ್ದು ನಾನು ಕಂಡಿರಲಿಲ್ಲ. ಹಳೇ ಮರದ ಕಟ್ಟಡ, ಒಳಗೆ ಕಾಲಿಟ್ಟರೆ ಗಾಳಿಯೇ ಪಾಯಸದ ವಾಸನೆ. ಹೆಂಗಸರು ಕೂತು ಕೈಯಲ್ಲೇ ಆರಿಸುತ್ತಾರೆ. ನೀರಿಗೆ ಹಾಕಿ ಮುಳುಗಿದ್ದು ಒಳ್ಳೆಯದು, ತೇಲಿದ್ದು ಎರಡನೇ ದರ್ಜೆ. ಚಿಪ್ಪನ್ನು ಅಂಗಳದ ದಾರಿಗೆ ಜಲ್ಲಿಯ ಹಾಗೆ ಹರಡುತ್ತಾರೆ, ನಡೆದರೆ ಚರಚರ ಅನ್ನುತ್ತದೆ.

ಒಂದು ಕಾಲಕ್ಕೆ ಇಂಡೊನೇಷ್ಯಾ ಬಿಟ್ಟರೆ ಜಗತ್ತಿನಲ್ಲಿ ಹೆಚ್ಚು ಜಾಯಿಕಾಯಿ ಬೆಳೆಯುತ್ತಿದ್ದದ್ದು ಇದೇ ಪುಟ್ಟ ದೇಶ. 2004ರ ಸೆಪ್ಟೆಂಬರಿನಲ್ಲಿ ಐವನ್ ಚಂಡಮಾರುತ ಬಂದು ಬಹುಪಾಲು ಮರಗಳನ್ನು ಬುಡಮೇಲು ಮಾಡಿತು. ಹತ್ತರಲ್ಲಿ ಒಂಬತ್ತು ಮನೆಗಳಿಗೆ ಪೆಟ್ಟು. ಮನೆ ವರ್ಷದಲ್ಲಿ ಕಟ್ಟಬಹುದು. ಜಾಯಿಕಾಯಿ ಗಿಡ ಫಲ ಕೊಡಲು ಏಳೆಂಟು ವರ್ಷ, ತುಂಬು ಬೆಳೆಗೆ ಇನ್ನೂ ಅಷ್ಟು. ಮಂಡಿಯಲ್ಲಿ ಅರ್ಧಕ್ಕರ್ಧ ಹಲಗೆಗಳು ಖಾಲಿ ಇದ್ದವು. ನಾನು ಕಾಲು ಕಿಲೋ ಕೊಂಡೆ.

ಮಾರ್ಚ್ ಮಧ್ಯದಲ್ಲಿ ಕ್ಯಾರಿಯಾಕುವಿಗೆ ಹೊರಟೆವು. ಅದೂ ಗ್ರೆನೇಡಾಕ್ಕೇ ಸೇರಿದ್ದು, ಹಾಗಾಗಿ ಕಸ್ಟಮ್ಸ್ ಕಾಗದ ಬೇಕಿಲ್ಲ. ಬೇರೆ ದೇಶವಾದರೆ ಹಳದಿ ಬಾವುಟ ಏರಿಸಿ ನಿಲ್ಲಬೇಕು, ಕ್ಯಾಪ್ಟನ್ ಹೋಗಿ ಪಾಸ್‌ಪೋರ್ಟುಗಳಿಗೆ ಮುದ್ರೆ ಹಾಕಿಸಿ ಬಂದ ಮೇಲೆ ಅದನ್ನಿಳಿಸಿ ಆ ದೇಶದ ಬಾವುಟ ಹಾರಿಸಬೇಕು. ಸುಮಾರು 30 ಮೈಲು, ಗಾಳಿಗೆ ಎದುರಾಗಿ ಇಡೀ ದಿನದ ಪಯಣ. ದಾರಿಯಲ್ಲಿ ಕಿಕ್ ಎಮ್ ಜೆನ್ನಿ ಅಂತ ಸಮುದ್ರದೊಳಗಿನ ಜ್ವಾಲಾಮುಖಿ. ಗ್ರೆನೇಡಾದ ಉತ್ತರ ತುದಿಯಿಂದ ಸುಮಾರು 8 ಕಿಲೋಮೀಟರ್. ಯಾವಾಗಲೂ ಅದರಿಂದ ಒಂದೂವರೆ ಕಿಲೋಮೀಟರ್ ದೂರವೇ ಹೋಗಬೇಕು ಅಂತ ನಿಯಮ. ಮೇಲೆ ನೋಡಿದರೆ ಬರೇ ನೀಲಿ ನೀರು. "ಇಲ್ಲೇ ಇದೆ ಅಮ್ಮ" ಅಂತ ಮಗ ನಕ್ಷೆ ತೋರಿಸಿದ. ನಾನು ವಿಷ್ಣು ಸಹಸ್ರನಾಮ ಶುರುಮಾಡಿದೆ, ವಾಂತಿ ಬಂದು ಅದು ಅರ್ಧಕ್ಕೇ ನಿಂತಿತು.

ಟಿರೆಲ್ ಬೇ ಎಂಬ ಕೊಲ್ಲಿಗೆ ಸಂಜೆ ಹೊಕ್ಕೆವು. ಗುಡ್ಡದ ಮೇಲೆ ಮನೆಗಳು ಕಂಡವು, ಆದರೆ ಬಹಳಷ್ಟು ಮನೆಗಳ ತಲೆಯ ಮೇಲೆ ನೀಲಿ ಟಾರ್ಪಾಲು. ಬೆರಿಲ್ ಬಂದು ಎಂಟು ತಿಂಗಳಾಗಿತ್ತು. ಅರ್ಧ ಗಂಟೆಯಲ್ಲಿ ದ್ವೀಪ ನೆಲಸಮವಾಯಿತು ಅಂತ ಅವತ್ತು ಪ್ರಧಾನಿ ಹೇಳಿದ್ದನ್ನು ಟೀವಿಯಲ್ಲಿ ಕೇಳಿದ್ದೆ. ಗಂಟೆಗೆ 240 ಕಿಲೋಮೀಟರ್ ವೇಗದ ಗಾಳಿ. ಕೊಲ್ಲಿಯ ಒಂದು ಬದಿ ಕಾಂಡ್ಲಾ ವನ. ಬಿರುಗಾಳಿಗೆ ದೋಣಿಗಳನ್ನು ಅದರೊಳಗೆ ತಂದು ಬೇರುಗಳಿಗೆ ಕಟ್ಟಿ ಉಳಿಸಿಕೊಳ್ಳುವುದು ಹಿಂದಿನಿಂದ ಬಂದ ಉಪಾಯ. ಬೆರಿಲ್‌ಗೆ ಅದೂ ನಡೆಯಲಿಲ್ಲ. ಎಲೆಯಿಲ್ಲದ ಬೂದು ಕೊಂಬೆಗಳ ನಡುವೆ ಮುರಿದ ಪಟಸ್ತಂಭಗಳು ಇನ್ನೂ ಓರೆಯಾಗಿ ನಿಂತಿದ್ದವು. ಮಗ ನೋಡಿದ, ಏನೂ ಹೇಳಲಿಲ್ಲ. ನಾನೂ ಹೇಳಲಿಲ್ಲ. ಹೇಳಬೇಕಾದ ಮಾತು ಗಂಟಲಲ್ಲೇ ಇತ್ತು.

ಮಾರನೇ ದಿನದ ಚೀಟಿಯಲ್ಲಿ ಮೊದಲನೆಯದು ಬಟ್ಟೆ. ದಡದ ಹತ್ತಿರವೇ ಒಬ್ಬ ಹೆಂಗಸು ದೋಣಿಯವರ ಬಟ್ಟೆ ಒಗೆದು ಕೊಡುತ್ತಾರೆ, ನನ್ನದೇ ವಯಸ್ಸು. ಒಂದು ಚೀಲಕ್ಕೆ 40 ಇಸಿ, ನಮ್ಮ ಲೆಕ್ಕಕ್ಕೆ 1,200 ರೂಪಾಯಿಗೂ ಮೇಲೆ. "ಇಷ್ಟು ಯಾಕೆ, ನಾನೇ ಬಕೆಟಿನಲ್ಲಿ ಹಿಂಡುತ್ತೇನೆ" ಅಂದೆ. ಸೊಸೆ, "ಅತ್ತೆ, ಒಮ್ಮೆ ಬನ್ನಿ ನನ್ನ ಜೊತೆ" ಅಂತ ಕರೆದುಕೊಂಡು ಹೋದಳು.

ಕ್ಯಾರಿಯಾಕುವಿನಲ್ಲಿ ಹೊಳೆಯಿಲ್ಲ. ಒಂದೂ ಇಲ್ಲ. ಮಳೆನೀರೇ ಗತಿ. ಪ್ರತಿ ಮನೆಯ ಪಕ್ಕದಲ್ಲಿ ಕಾಂಕ್ರೀಟಿನ ತೊಟ್ಟಿ, ತಗಡಿನ ಮಾಡಿನಿಂದ ದಂಬೆಯಲ್ಲಿ ಹರಿದ ಮಳೆನೀರು ಅದಕ್ಕೆ. ಈಗ ಯೋಚಿಸಿ, ಮಾಡು ಹಾರಿದರೆ ತಲೆಯ ಮೇಲಿನ ನೆರಳು ಮಾತ್ರ ಹೋಗುವುದಲ್ಲ, ನೀರೂ ಹೋಯಿತು. ಈ ಅಮ್ಮನ ಮಾಡು ಪೂರ್ತಿ ಹೋಗಿತ್ತು. ಅರ್ಧಕ್ಕೆ ಟಾರ್ಪಾಲು ಕಟ್ಟಿ, ಉಳಿದರ್ಧದಲ್ಲಿ ಹೊಸ ರೀಪು ಹೊಡೆದು ತಗಡಿಗೆ ಕಾಯುತ್ತಿದ್ದರು. ಬಟ್ಟೆ ಒಗೆಯಲು ನೀರನ್ನು ಲಾರಿಯಿಂದ ಕೊಂಡುಕೊಳ್ಳಬೇಕು. ಅದಕ್ಕೇ 40. ಅದರ ಮೇಲೆ ಆ ವರ್ಷ ಕ್ಯಾರಿಯಾಕು ಹಾಳಾಗಿದೆ ಅಂತ ಅರ್ಧದಷ್ಟು ದೋಣಿಗಳು ನಿಲ್ಲದೆಯೇ ದಾಟಿ ಹೋಗುತ್ತಿದ್ದವಂತೆ. "ನಮ್ಮ ಮೇಲೆ ಕನಿಕರ ಇದೆ ಅವರಿಗೆ, ಅದಕ್ಕೇ ತೊಂದರೆ ಕೊಡಬಾರದು ಅಂತ ನಿಲ್ಲಲ್ಲ" ಅಂತ ಆ ಅಮ್ಮ ನಕ್ಕರು. ಚೀಲ ತೂಗಿ ನೋಡಿದರು, ಹಣ ಮುಂಗಡ ತೆಗೆದುಕೊಳ್ಳಲಿಲ್ಲ.

ನಾನು ಕೇಳಿಯೇಬಿಟ್ಟೆ. "ಮತ್ತೆ ಬಿರುಗಾಳಿ ಬಂದರೆ? ಹೆದರಿಕೆ ಆಗುವುದಿಲ್ಲವೇ, ಬೇರೆ ಕಡೆ ಹೋಗಬಾರದೇ?" ಸೊಸೆ ನನ್ನ ಕೈ ಚಿವುಟಿದಳು. ಆ ಅಮ್ಮನಿಗೇನೂ ಬೇಸರವಾಗಲಿಲ್ಲ. ಕೊಲ್ಲಿಯಲ್ಲಿ ನಿಂತ ದೋಣಿಗಳ ಕಡೆ ಕೈ ತೋರಿಸಿ ಅಂದರು, "ಅದಕ್ಕೆ ಲಂಗರು ಇದೆ, ಎತ್ತಿಕೊಂಡು ಹೋಗಬಹುದು. ನನ್ನ ಮನೆಗೆ ಇಲ್ಲವಲ್ಲ." ಮತ್ತೆ ನನ್ನನ್ನೇ ಕೇಳಿದರು, ನಿಮ್ಮ ಊರಿನಲ್ಲಿ ಸಮುದ್ರ ಇಲ್ಲವೇ ಅಂತ. ಇದೆ, ಅಂದೆ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ನಮ್ಮ ಕಡೆಯ ದಡವನ್ನೂ ಸಮುದ್ರ ಕೊರೆದು ರಸ್ತೆ ನುಂಗಿತ್ತು, ಯಾರೂ ಊರು ಬಿಡಲಿಲ್ಲ, ನಾನಂತೂ ಬಿಡುವ ಯೋಚನೆಯನ್ನೇ ಮಾಡಿರಲಿಲ್ಲ. ಅದನ್ನು ಅಷ್ಟು ಇಂಗ್ಲಿಷಿನಲ್ಲಿ ಹೇಳಲು ಹೊತ್ತು ಹಿಡಿಯಿತು. ಅಮ್ಮ ಪೂರ್ತಿ ಕೇಳಿದರು. ಅವತ್ತಿನಿಂದ ಮೂರು ಸಲ ಬಟ್ಟೆ ಕೊಟ್ಟೆವು. ಬಕೆಟಿನ ಮಾತು ನಾನು ಎತ್ತಲಿಲ್ಲ.

ಎರಡನೇ ವಾರಕ್ಕೆ ಇನ್ನೊಂದು ಕೆಲಸ ಬಂತು. ದೋಣಿಯ ತಳಕ್ಕೆ ಬಣ್ಣ ಹೊಡೆಯಲು ಅಪ್ಪನ ಸಹಾಯ ಬೇಕು ಅಂತ ಮಗ ನಮ್ಮ ಟಿಕೆಟನ್ನು ಎರಡು ವಾರ ಮುಂದೆ ಹಾಕಿಸಿದ. ನಮ್ಮವರ ಬಿಪಿ ಮಾತ್ರೆ ಅಷ್ಟು ದಿನಕ್ಕೆ ಸಾಲುತ್ತಿರಲಿಲ್ಲ. ದ್ವೀಪದ ಪೇಟೆ ಹಿಲ್ಸ್‌ಬರೋಗೆ ಬಸ್ಸಿನಲ್ಲಿ ಹೋದೆವು. ದಾರಿಯುದ್ದಕ್ಕೂ ಸುತ್ತಿಗೆಯ ಸದ್ದು. ಪೇಟೆಯೆಂದರೆ ಸಮುದ್ರದ ಗುಂಟ ಒಂದೇ ಬೀದಿ. ಔಷಧದಂಗಡಿಯಲ್ಲಿ ಸಾಲು. ಔಷಧ ಕೊಡುವಾಕೆ ಹಳೇ ಚೀಟಿ ನೋಡಿ, ಬಿಪಿ ಅಳೆದು, ಉಪ್ಪು ಕಡಿಮೆ ಮಾಡಿದ್ದೀರಾ ಅಂತ ನಮ್ಮವರನ್ನು ಗದರಿಸಿ (ನನಗೆ ಖುಷಿಯಾಯಿತು) ಒಂದು ಪಟ್ಟಿ ಮಾತ್ರೆ ತೆಗೆದುಕೊಟ್ಟರು. ತಿರುಗಿಸಿ ನೋಡಿದರೆ ಗೋವಾದಲ್ಲಿ ತಯಾರಾದದ್ದು. ನಮ್ಮ ಮನೆಯಿಂದ ರೈಲಿನಲ್ಲಿ ನಾಲ್ಕೈದು ಗಂಟೆ ದೂರದ ಮಾತ್ರೆ ಅಷ್ಟು ಸಮುದ್ರ ದಾಟಿ ನಮಗಿಂತ ಮೊದಲೇ ಬಂದು ಕೂತಿತ್ತು!

ಮಾತ್ರೆ ಸಿಕ್ಕ ಖುಷಿಯಲ್ಲಿ ನಮ್ಮವರು ಅದೇ ಬಸ್ಸಿನಲ್ಲಿ ವಿಂಡ್‌ವರ್ಡ್ ಊರಿಗೂ ಹೋಗೋಣ ಅಂದರು. ಸ್ಕಾಟ್ಲೆಂಡಿನಿಂದ ಬಂದ ಹಡಗು ಬಡಗಿಗಳ ವಂಶದವರು ಇಲ್ಲಿ ಸಮುದ್ರದ ದಂಡೆಯಲ್ಲೇ ಮರದ ಹಾಯಿದೋಣಿ ಕಟ್ಟುತ್ತಾರೆ. ನಕ್ಷೆ ಇಲ್ಲ, ಕಣ್ಣಳತೆ. ಪಕ್ಕೆಲುಬಿಗೆ ಬೇಕಾದ ಬಾಗು ಇರುವ ಕೊಂಬೆಯನ್ನು ಮರದಲ್ಲೇ ಹುಡುಕಿ ಕಡಿಯುತ್ತಾರೆ. ಈ ವಿದ್ಯೆಯನ್ನು ಯುನೆಸ್ಕೊ 2023ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದೆ. ನಾವು ಹೋದಾಗ ಬಡಗಿಗಳೆಲ್ಲ ಮನೆಯ ಮಾಡು ಕಟ್ಟುವುದರಲ್ಲಿದ್ದರು, ದಂಡೆಯಲ್ಲಿ ಅರ್ಧ ಎದ್ದ ಒಂದು ದೋಣಿ ಮಾತ್ರ. ನಮ್ಮವರು ಅದರ ಪಕ್ಕೆ ಸವರಿ, ಗಂಗೊಳ್ಳಿಯಲ್ಲಿ ದೋಣಿ ಕಟ್ಟುತ್ತಿದ್ದವರನ್ನು ನೆನೆದು, ಅಲ್ಲಿದ್ದ ಮುದುಕರೊಬ್ಬರ ಜೊತೆ ಒಂದು ಗಂಟೆ ಮಾತಾಡಿದರು. ಇಬ್ಬರ ಇಂಗ್ಲಿಷೂ ಒಬ್ಬರಿಗೊಬ್ಬರಿಗೆ ಅರ್ಧ ಅರ್ಥ. ಕೈಸನ್ನೆಯಲ್ಲಿ ಮುಗಿಯಿತು.

ಕೊನೆಗೂ ಆ ಮಾತು ಬಂತು, ನಾನು ಎತ್ತಿದ್ದಲ್ಲ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಅಷ್ಟರೊಳಗೆ ದೋಣಿಯನ್ನು ಎಲ್ಲಿಡಬೇಕು ಅಂತ ಮಗ ಒಂದು ರಾತ್ರಿ ನಕ್ಷೆ ಹರಡಿ ಕೂತ. ಗ್ರೆನೇಡಾದಲ್ಲೇ ದಡಕ್ಕೆತ್ತಿ ಸರಪಳಿ ಕಟ್ಟಿ ಇಡಬಹುದು. ಅಥವಾ ಇನ್ನೂ ದಕ್ಷಿಣಕ್ಕೆ, ಟ್ರಿನಿಡಾಡಿಗೆ ಒಯ್ಯಬಹುದು. ಅಲ್ಲಿಗೆ ಬಿರುಗಾಳಿ ಬರುವುದು ಅಪರೂಪ, ಆದರೆ ಒಂದು ಇಡೀ ರಾತ್ರಿಯ ಪಯಣ. ಮಗ ನನ್ನ ಮುಖ ನೋಡಿದ. "ಮಾರಿಬಿಡು ಅಂತೀಯಾ ಅಮ್ಮ?"

ನಾನು ಕೇಳಿದ್ದು ಇಷ್ಟೇ: "ಟ್ರಿನಿಡಾಡಿಗೆ ಹೋದರೆ ಬರುವ ವರ್ಷ ಮತ್ತೆ ಕ್ಯಾರಿಯಾಕುವಿಗೆ ಬರ್ತೀರಾ?" ಬರ್ತೇವೆ ಅಂದ. ಹಾಗಾದರೆ ಟ್ರಿನಿಡಾಡ್, ಅಂದೆ. ನಮ್ಮವರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. ಹೆದರಿಕೆ ಹೋಗಿದೆ ಅಂತಲ್ಲ, ಈಗಲೂ ಜೂನ್ ಬಂದರೆ ಫೋನಿನಲ್ಲಿ ಅಟ್ಲಾಂಟಿಕ್ ಹವಾಮಾನ ನೋಡುತ್ತೇನೆ. ಕುಂದಾಪುರದ ಮಳೆ ನೋಡುವ ಮೊದಲೇ ಅದನ್ನು ನೋಡುತ್ತೇನೆ.

ಏಪ್ರಿಲ್ ಕೊನೆಗೆ ನಾವು ಹಿಂದಿರುಗಿದೆವು. ಮೇ ತಿಂಗಳಲ್ಲಿ ದೋಣಿ ಟ್ರಿನಿಡಾಡ್ ಸೇರಿತು. ಹೊರಡುವ ಮುನ್ನ ಸೊಸೆ ಕೊನೆಯ ಸಲ ಬಟ್ಟೆ ಕೊಟ್ಟು, ಆ ಅಮ್ಮನ ಮನೆಯ ಚಿತ್ರ ಕಳಿಸಿದ್ದಳು. ಬೆಳ್ಳಗೆ ಹೊಳೆಯುವ ಹೊಸ ತಗಡು, ಮಾಡು ಪೂರ್ತಿ ಹೊದಿಸಿ ಆಗಿದೆ. ದಂಬೆ ಇನ್ನೂ ಹಾಕಿರಲಿಲ್ಲ.